ಪಾಠದ ಕ್ಯೂಆರ್ ಕೋಡ್‌ಗೆ ದುಡ್ಡು ಕಟ್ಟಬೇಕಿಲ್ಲ

ಮೊನ್ನೆ ರಾತ್ರಿ ಪಕ್ಕದ ಮನೆಯವರು ಮಗಳ ವಿಜ್ಞಾನ ಪುಸ್ತಕ ಹಿಡಿದು ಬಂದರು. ಪಾಠದ ಪಕ್ಕ ಅಚ್ಚಾಗಿದ್ದ ಕಪ್ಪು ಚೌಕದ ಮೇಲೆ ದುಡ್ಡು ಕಳಿಸುವ ಆ್ಯಪ್ ಹಿಡಿದು, ‘ನೋಡಿ, ತಗೊಳ್ತಾನೇ ಇಲ್ಲ’ ಎಂದರು. ತಪ್ಪು ಅವರದಲ್ಲ. ಸೊಪ್ಪಿನ ಗಾಡಿಯಿಂದ ಆಟೊವರೆಗೆ ಕ್ಯೂಆರ್ ಎಂದರೆ ಹಣ ಎಂದೇ ನಮ್ಮ ಕೈಗೆ ರೂಢಿಯಾಗಿಬಿಟ್ಟಿದೆ.

ಆ ಚೌಕ ತೆರೆಯುವುದು ದೀಕ್ಷಾ ಆ್ಯಪ್‌ನಲ್ಲಿ. ಕೇಂದ್ರ ಸರ್ಕಾರದ್ದು, 2017ರಿಂದ ಇದೆ, ಉಚಿತ. ಹಾಕಿಕೊಂಡ ಮೇಲೆ ಭಾಷೆ ಆರಿಸಿ, ‘ವಿದ್ಯಾರ್ಥಿ’ ಒತ್ತಿ. ಲಾಗಿನ್ ಆಗದಿದ್ದರೂ ಪಾಠ ನೋಡಬಹುದು.

ಮುಂದಿನದ್ದರಲ್ಲೇ ಹೆಚ್ಚಿನವರು ಎಡವುವುದು. ಬೋರ್ಡ್, ಮಾಧ್ಯಮ, ತರಗತಿ ಕೇಳುತ್ತದೆ. ಆಫೀಸಿನಿಂದ ಬಂದು, ಒಲೆಯ ಮೇಲೆ ಕುಕ್ಕರ್ ಇಟ್ಟು, ಅವಸರದಲ್ಲಿ ಮೊದಲು ಕಂಡದ್ದನ್ನು ಒತ್ತಿಬಿಡುತ್ತೇವೆ. ನಾನೂ ಹಾಗೇ ಮಾಡಿದ್ದೆ. ರಾಜ್ಯ ಪಠ್ಯಕ್ರಮದ ಮಗನಿಗೆ ಸಿಬಿಎಸ್‌ಇ ಪಾಠಗಳ ಸಾಲು ಬಂತು. ‘ಇದು ನಮ್ಮ ಬುಕ್ಕಲ್ಲ’ ಎಂದು ಅವನೇ ಹೇಳಬೇಕಾಯಿತು. ಆ್ಯಪ್ ಸರಿಯಿಲ್ಲ ಎಂದು ಕಿತ್ತುಹಾಕಬೇಡಿ. ಪ್ರೊಫೈಲ್‌ಗೆ ಹೋಗಿ ಕರ್ನಾಟಕ ರಾಜ್ಯ ಎಂದು ತಿದ್ದಿ. ಮಾಧ್ಯಮವನ್ನೂ ನೋಡಿ: ಮನೆಮಾತು ಕನ್ನಡವಾದರೂ ಮಗು ಓದುವುದು ಇಂಗ್ಲಿಷ್ ಮಾಧ್ಯಮದಲ್ಲಾದರೆ ಅದನ್ನೇ ಕೊಡಬೇಕು. ಇಬ್ಬರು ಮಕ್ಕಳಿದ್ದರೆ ತರಗತಿ ಬದಲಿಸುವುದೂ ಮರೆಯಬಾರದು.

ಈಗ ಆ್ಯಪ್‌ನೊಳಗಿನ ಸ್ಕ್ಯಾನ್ ಗುರುತು ಒತ್ತಿ ಪುಸ್ತಕದ ಮೇಲೆ ಹಿಡಿಯಿರಿ. ಪುಟಕ್ಕೆ ಚಟ್ನಿ ಬಿದ್ದು ಚೌಕ ಮಸುಕಾಗಿದ್ದರೆ (ನಮ್ಮನೆಯಲ್ಲಿ ಆಗಿದೆ) ಅದರ ಕೆಳಗಿರುವ ಆರಕ್ಷರದ ಕೋಡ್ ಟೈಪ್ ಮಾಡಿದರೂ ಸಾಕು. ಎಲ್ಲ ಪಾಠಕ್ಕೂ ಒಳ್ಳೆಯ ವಿಡಿಯೊ ಸಿಗುತ್ತದೆ ಎಂದುಕೊಳ್ಳಬೇಡಿ. ಕೆಲವಕ್ಕೆ ಬರೀ ಪ್ರಶ್ನೆಗಳು. ನನ್ನ ಲೆಕ್ಕದಲ್ಲಿ ಪರೀಕ್ಷೆ ಹತ್ತಿರ ಬಂದಾಗ ಆ ಪ್ರಶ್ನೆಗಳೇ ವಿಡಿಯೊಗಿಂತ ಹೆಚ್ಚು ಉಪಯೋಗ.

ಫೋನ್ ಬೆಳಿಗ್ಗೆ ನಮ್ಮ ಜೊತೆ ಆಫೀಸಿಗೆ ಹೋಗುತ್ತದಲ್ಲ, ಅದಕ್ಕೆ ಡ್ರಾಯರ್‌ನಲ್ಲಿ ಬಿದ್ದಿರುವ ಹಳೆಯ ಫೋನ್ ತೆಗೆಯಿರಿ. ಸಿಮ್ ಬೇಡ. ರಾತ್ರಿ ನಿಮ್ಮ ಹಾಟ್‌ಸ್ಪಾಟ್ ಕೊಟ್ಟು ಆ ವಾರದ ಪಾಠಗಳನ್ನು ಡೌನ್‌ಲೋಡ್ ಮಾಡಿ. ಮಲಗುವ ಮುನ್ನ ಏರೋಪ್ಲೇನ್ ಮೋಡ್ ಹಾಕಿ ಒಂದು ವಿಡಿಯೊ ಓಡಿಸಿ ನೋಡಿ. ಇದನ್ನು ಮರೆತರೆ ಮರುದಿನ ಮೀಟಿಂಗ್ ಮಧ್ಯೆ ‘ಅಮ್ಮಾ, ಸುತ್ತುತ್ತಾನೇ ಇದೆ’ ಎಂಬ ಕರೆ ಅಜ್ಜಿಯ ಫೋನಿನಿಂದ ಬಂದೇ ಬರುತ್ತದೆ.

ನಿಮ್ಮ ಫೋನನ್ನೇ ಕೊಡುವುದಾದರೆ ಸೆಟ್ಟಿಂಗ್ಸ್‌ನಲ್ಲಿ ‘ಪಿನ್’ ಎಂದು ಹುಡುಕಿ, ಆ್ಯಪ್ ಪಿನ್ನಿಂಗ್ ಆನ್ ಮಾಡಿ, ದೀಕ್ಷಾವನ್ನು ಪಿನ್ ಮಾಡಿ ಕೊಡಿ. ಬಿಡಿಸಲು ಲಾಕ್ ಸಂಖ್ಯೆ ಕೇಳುವಂತೆಯೂ ಇಡಿ. ಆ ಸಂಖ್ಯೆ ಮಗುವಿಗೆ ಈಗಾಗಲೇ ಗೊತ್ತಿದ್ದರೆ, ಅದೇ ನಿಮ್ಮ ಯುಪಿಐ ಪಿನ್ ಕೂಡ ಆಗಿದ್ದರೆ, ಎರಡನ್ನೂ ಇವತ್ತೇ ಬದಲಿಸಿ.