ನಾನು ಕಟ್ಟಿದ ಭಾಷೆಯನ್ನು ತಂಡದಲ್ಲಿ ಯಾರೂ ಮುಟ್ಟುತ್ತಿಲ್ಲ

ಪ್ರಶ್ನೆ: ನಾನು ಸಾಫ್ಟ್‌ವೇರ್ ಎಂಜಿನಿಯರ್. ನಮ್ಮ ತಂಡದಲ್ಲಿ ಎಂಟು ಜನರಿದ್ದೇವೆ. ಸಾಲ ಕೊಡುವ ಹಣಕಾಸು ಸಂಸ್ಥೆಗಳಿಗೆ ಸಾಫ್ಟ್‌ವೇರ್ ಮಾಡುತ್ತೇವೆ. ಬಡ್ಡಿ, ಕಂತು, ಬಾಕಿಯ ನಿಯಮಗಳು ಜಾವಾ ಕೋಡಿನಲ್ಲಿ ಅಲ್ಲೊಂದು ಇಲ್ಲೊಂದು ಚದುರಿದ್ದವು. ಎಲ್ಲವನ್ನೂ ಒಂದೆಡೆ ಬರೆಯಲೆಂದು ನಾನೇ ಒಂದು ಪುಟ್ಟ ಭಾಷೆ, ಅಂದರೆ ಡಿಎಸ್‌ಎಲ್, ಕಟ್ಟಿದೆ. ಮೊದಮೊದಲು ಎಲ್ಲರೂ ಹೊಗಳಿದರು. ಈಗ ಸಣ್ಣ ಬದಲಾವಣೆಗೂ ‘ಅದು ನಿಮ್ಮ ಭಾಷೆ, ನೀವೇ ನೋಡಿಬಿಡಿ’ ಅನ್ನುತ್ತಾರೆ. ತಮ್ಮನ ಮದುವೆಗೆ ಊರಿಗೆ ಹೋದಾಗಲೂ ಫೋನ್ ಬಂತು. ಅದನ್ನು ತೆಗೆದುಹಾಕಿ ಮತ್ತೆ ಜಾವಾದಲ್ಲೇ ಬರೆಯೋಣ ಎಂದು ಮ್ಯಾನೇಜರ್ ಹೇಳುತ್ತಿದ್ದಾರೆ. ನಿದ್ದೆ ಬರುತ್ತಿಲ್ಲ. ಪಟ್ಟು ಹಿಡಿಯಲೇ, ಬಿಟ್ಟುಬಿಡಲೇ?
– ಹೆಸರು ಬೇಡ, ಬೆಂಗಳೂರು

ಉತ್ತರ: ಕೈಯಾರೆ ಕಟ್ಟಿದ್ದನ್ನು ಕಿತ್ತುಹಾಕುತ್ತೇವೆ ಅಂದರೆ ಯಾರಿಗಾದರೂ ನಿದ್ದೆ ಕೆಡುತ್ತದೆ. ಅದಕ್ಕೆ ನಾಚಿಕೊಳ್ಳಬೇಡಿ. ಆದರೆ ನಿಮ್ಮ ಪತ್ರವನ್ನು ಓದುವಾಗ ನನಗೆ ಕೊರತೆ ಅನ್ನಿಸಿದ್ದು ಬೇರೆ. ಎಂಟು ಜನ ಎಂಜಿನಿಯರುಗಳು ಬಂದರು, ಮ್ಯಾನೇಜರ್ ಬಂದರು. ಸಾಲದ ನಿಯಮ ಬಲ್ಲವರು ಮಾತ್ರ ಎಲ್ಲೂ ಬರಲಿಲ್ಲ. ಇಂಥ ಭಾಷೆಯನ್ನು ಕಟ್ಟುವುದೇ ಅವರಿಗಾಗಿ ಅಲ್ಲವೇ?

ಡೇಟಾಬೇಸ್‌ಗಾಗಿ ನೀವು ದಿನಾ ಬಳಸುವ ಎಸ್‌ಕ್ಯೂಎಲ್ ಕೂಡ ಇದೇ ಜಾತಿಯದು. 1974ರಲ್ಲಿ ಐಬಿಎಂನ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಅದರ ಮೊದಲ ರೂಪವನ್ನು ಪ್ರಕಟಿಸಿದಾಗ, ಅವರ ಮನಸ್ಸಿನಲ್ಲಿ ಇದ್ದವರಲ್ಲಿ ಲೆಕ್ಕಪತ್ರ ನೋಡುವವರೂ ನಗರ ಯೋಜಕರೂ ಇದ್ದರು.

ಹಾಗಾಗಿ ಮ್ಯಾನೇಜರ್ ಜೊತೆ ವಾದಕ್ಕೆ ಇಳಿಯುವ ಮೊದಲು ಒಂದು ಕೆಲಸ ಮಾಡಿ. ನಿಯಮದ ಫೈಲಿನ ಒಂದು ಪುಟವನ್ನು ಪ್ರಿಂಟ್ ತೆಗೆದು, ಸಾಲದ ವಿಭಾಗದಲ್ಲಿ ಪಳಗಿದವರ ಮುಂದಿಡಿ. ನೀವು ವಿವರಿಸಲು ಹೋಗಬೇಡಿ, ಸುಮ್ಮನೆ ಕೂತಿರಿ. ಅದರಲ್ಲಿ ‘ಕಂತು 90 ದಿನ ಬಾಕಿ ಇದ್ದರೆ ಖಾತೆ ಎನ್‌ಪಿಎ’, ಅಂದರೆ ವಸೂಲಾಗದ ಸಾಲ, ಎಂದಿದೆ ಅಂದುಕೊಳ್ಳಿ. ಬಲ್ಲವರು ತಕ್ಷಣ ‘ತಪ್ಪು, 90 ದಿನ ಮೀರಬೇಕು’ ಅನ್ನುತ್ತಾರೆ. ಒಂದು ದಿನದ ಆ ತಪ್ಪು ಜಾವಾದಲ್ಲಿ ಒಂದು ಚಿಹ್ನೆಯೊಳಗೆ ಅಡಗಿರುತ್ತದೆ, ಕೋಡ್ ರಿವ್ಯೂನಲ್ಲೂ ಕಣ್ತಪ್ಪಿಹೋಗುತ್ತದೆ. ನಿಮ್ಮ ಪುಟದಲ್ಲಿ ಅದು ಸಿಕ್ಕಿಬಿದ್ದರೆ, ಭಾಷೆಯನ್ನು ಉಳಿಸಿಕೊಳ್ಳಲು ಅದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಇನ್ನೊಂದನ್ನೂ ನೋಡಿ. ದಂಡಬಡ್ಡಿ ಹಾಕುವಂತಿಲ್ಲ, ದಂಡ ಶುಲ್ಕ ಮಾತ್ರ ಹಾಕಬಹುದು, ಆ ಶುಲ್ಕದ ಮೇಲೆ ಮತ್ತೆ ಬಡ್ಡಿ ಬೆಳೆಸಬಾರದು ಎಂದು ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ಸುತ್ತೋಲೆ ಹೊರಡಿಸಿತು. ಇಂಥ ಬದಲಾವಣೆ ಬಂದರೆ ನಿಮ್ಮ ಭಾಷೆಯಲ್ಲಿ ಎಷ್ಟು ಕಡೆ ಕೈಹಾಕಬೇಕು? ನಿಯಮದ ನಾಲ್ಕು ಸಾಲು ತಿದ್ದಿದರೆ ಸಾಕೇ, ಅಥವಾ ಆ ಸಾಲುಗಳನ್ನು ಓದಿ ಅರ್ಥಮಾಡಿಕೊಳ್ಳುವ ಪಾರ್ಸರನ್ನೇ ಬಿಚ್ಚಬೇಕೇ? ಪಾರ್ಸರ್ ಬಿಚ್ಚಬೇಕು ಅನ್ನುವುದಾದರೆ ಸಹೋದ್ಯೋಗಿಗಳು ನಿಮಗೇ ಫೋನ್ ಮಾಡುವುದರಲ್ಲಿ ಆಶ್ಚರ್ಯವಿಲ್ಲ.

ಸಾಲದ ವಿಭಾಗದವರು ಪುಟವನ್ನು ಓದಲಾರದೆ ಹಿಂದಿರುಗಿಸಿದರೆ ನನ್ನ ಅಭಿಪ್ರಾಯ ಸ್ಪಷ್ಟ: ಸ್ವಂತ ಪಾರ್ಸರ್ ಬಿಟ್ಟುಬಿಡಿ. ಎಂಜಿನಿಯರುಗಳು ಮಾತ್ರ ಓದುವ ಭಾಷೆಗೆ ಅಷ್ಟು ಹೊರೆ ಸಲ್ಲದು. ಆದರೆ ಅದು ಸೋಲಲ್ಲ, ಮ್ಯಾನೇಜರ್ ಹೇಳುವ ಹಾಗೆ ಹಳೆಯ ಚದುರಿದ ಕೋಡಿಗೆ ಮರಳುವುದೂ ಅಲ್ಲ. ಮಾರ್ಟಿನ್ ಫೌಲರ್ 2010ರ ತಮ್ಮ ಡಿಎಸ್‌ಎಲ್ ಪುಸ್ತಕದಲ್ಲಿ ಸ್ವತಂತ್ರ ಭಾಷೆಯನ್ನೂ, ಇರುವ ಭಾಷೆಯ ಒಳಗೇ ಕಟ್ಟುವ ಡಿಎಸ್‌ಎಲ್ ಅನ್ನೂ ಬೇರೆಬೇರೆಯಾಗಿ ವಿವರಿಸುತ್ತಾರೆ. ನೀವು ಎರಡನೆಯದಕ್ಕೆ ಬನ್ನಿ. ಕಂತು, ಬಾಕಿ ದಿನ, ದಂಡ ಶುಲ್ಕ ಎಂದು ತಲೆಕೆಡಿಸಿಕೊಂಡು ನೀವು ವಿಂಗಡಿಸಿದ್ದೆಲ್ಲ ಜಾವಾ ಮೆಥಡ್‌ಗಳ ಹೆಸರಾಗಿ ಉಳಿಯುತ್ತದೆ. ಡಿಬಗರ್, ಹುಡುಕಾಟ, ಎಡಿಟರಿನ ನೆರವು ಎಲ್ಲರಿಗೂ ಪುಕ್ಕಟೆ ಸಿಗುತ್ತದೆ.

ಭಾಷೆಯನ್ನು ಉಳಿಸಿಕೊಳ್ಳುವುದಾದರೆ ಅದರಲ್ಲಿ ಒಡ್ಡೊಡ್ಡಾಗಿರುವುದನ್ನು ಈಗಲೇ ತಿದ್ದಿ. ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಪ್ರೋಗ್ರಾಂಗಳನ್ನು ಬಿಲ್ಡ್ ಮಾಡುವ ‘ಮೇಕ್’ ಬರೆದರು. ಅದರಲ್ಲಿ ಆದೇಶದ ಸಾಲು ಟ್ಯಾಬ್‌ನಿಂದಲೇ ಶುರುವಾಗಬೇಕು. ಆ ನಿಯಮ ಸರಿಯಿಲ್ಲ ಎಂದು ಅವರಿಗೆ ಬೇಗನೇ ಗೊತ್ತಾಯಿತು. ಆದರೆ ಅಷ್ಟರಲ್ಲಿ ಹತ್ತು ಹನ್ನೆರಡು ಬಳಕೆದಾರರು ಸೇರಿದ್ದರು, ಹೆಚ್ಚಿನವರು ಗೆಳೆಯರೇ. ಅವರಿಗೆ ತೊಂದರೆ ಯಾಕೆ ಎಂದು ಹಾಗೇ ಬಿಟ್ಟರು. ಇವತ್ತಿಗೂ ಟ್ಯಾಬ್ ಬದಲು ಸ್ಪೇಸ್ ಒತ್ತಿದವರಿಗೆ ‘ಮಿಸ್ಸಿಂಗ್ ಸೆಪರೇಟರ್’ ಎಂಬ ದೋಷ ಎದುರಾಗುತ್ತದೆ. ನಿಮ್ಮ ಭಾಷೆಗೆ ಇರುವುದು ಎಂಟೇ ಬಳಕೆದಾರರು, ಎಲ್ಲರೂ ಒಂದೇ ಕೋಣೆಯಲ್ಲಿದ್ದಾರೆ. ಯಾವ ಸಾಲಿನಲ್ಲಿ ಎಡವುತ್ತಾರೆ ಎಂದು ಅವರನ್ನೇ ಕೇಳಿ.

ದೋಷದ ಸಂದೇಶಗಳ ಮೇಲೆ ವಿಶೇಷ ಗಮನ ಕೊಡಿ. ‘14ನೇ ಸಾಲು ತಪ್ಪು’ ಎಂದಷ್ಟೇ ಬಂದರೆ ಮುಂದಿನ ಹೆಜ್ಜೆ ನಿಮಗೆ ಫೋನ್. ‘14ನೇ ಸಾಲಿನಲ್ಲಿ ಬಾಕಿ ದಿನ ಇರಬೇಕಿತ್ತು, ಬಾಕಿ ಮೊತ್ತ ಇದೆ’ ಎಂದು ಬಂದರೆ ಅವರೇ ತಿದ್ದಿಕೊಳ್ಳುತ್ತಾರೆ.

ಕೊನೆಯದಾಗಿ, ಮುಂದಿನ ಬಾರಿ ವ್ಯಾಕರಣದ ಫೈಲ್ ಬದಲಾಯಿಸಬೇಕಾದಾಗ ನೀವು ಕೀಬೋರ್ಡ್ ಮುಟ್ಟಬೇಡಿ. ತಂಡದಲ್ಲಿ ತೀರಾ ಹೊಸಬರು ಯಾರಿದ್ದಾರೋ ಅವರಿಗೆ ಒಪ್ಪಿಸಿ, ಎರಡು ದಿನ ಹೆಚ್ಚು ಹಿಡಿದರೂ ಹಿಡಿಯಲಿ. ನೀವು ರಿವ್ಯೂ ಮಾತ್ರ ಮಾಡಿ. ಅವರಿಂದ ಆಗಲೇ ಇಲ್ಲವೆಂದರೆ ಮ್ಯಾನೇಜರ್ ಮಾತಿನಲ್ಲಿ ಹುರುಳಿದೆ. ಆಯಿತೆಂದರೆ ಅದನ್ನೂ, ಸಾಲದ ವಿಭಾಗದವರು ಗುರುತು ಹಾಕಿ ಕೊಟ್ಟ ಪುಟವನ್ನೂ ತೆಗೆದುಕೊಂಡು ಮ್ಯಾನೇಜರ್ ಹತ್ತಿರ ಮಾತಿಗೆ ಹೋಗಿ.