ಚೊಚ್ಚಲ ಆಡು ಮತ್ತು ಅದರ ಮರಿ



ನಮ್ಮ ಬಸವಕಲ್ಯಾಣ, ಹುಮನಾಬಾದ ಭಾಗದ ಹಳ್ಳಿಗಳಲ್ಲಿ ಹೊಲವಿದ್ದವರಿಗೆ ತೊಗರಿಯ ರಾಶಿ ಹೇಗೋ, ಹೊಲವಿಲ್ಲದವರಿಗೆ ಆಡಿನ ಮರಿ ಹಾಗೆ. ಮಗಳ ಮದುವೆ ಬಂದರೆ, ಶಾಲೆಯ ಖರ್ಚು ಬಂದರೆ, ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಒಂದು ಮರಿ ಮಾರಿ ಕೈ ನಡೆಸುವ ಮನೆಗಳು ಬಹಳ. ಆದ್ದರಿಂದ ಎರಡು ಆಡು ಇರುವ ಮನೆಯಲ್ಲಿ ಹುಟ್ಟಿದ ಒಂದು ಮರಿ ಸತ್ತರೆ, ಆ ಮನೆಯ ಆರು ತಿಂಗಳ ಆಸೆಯೇ ಸತ್ತಂತೆ.

ಹುಟ್ಟಿದ ಮರಿ ಸಾಯುವುದು ಹೆಚ್ಚಾಗಿ ಮೊದಲ ಕೆಲವು ದಿನಗಳಲ್ಲಿ. ಅದರಲ್ಲೂ ಚೊಚ್ಚಲ ಆಡಿನ ಮರಿಗೆ ಅಪಾಯ ಹೆಚ್ಚು. ಎರಡು ಮೂರು ಸಲ ಈದ ಆಡಿಗೆ ಯಾರೂ ಏನೂ ಕಲಿಸಬೇಕಾಗಿಲ್ಲ. ಚೊಚ್ಚಲ ಆಡು ಹಾಗಲ್ಲ. ನೋವಿನಿಂದ ಅದು ಬೆದರಿರುತ್ತದೆ. ತನ್ನ ಹಿಂದೆ ಬಿದ್ದು ಒದ್ದಾಡುವ ಒದ್ದೆಯ ಜೀವವನ್ನು ಕಂಡು ದೂರ ಸರಿಯುತ್ತದೆ, ಇಲ್ಲವೆ ಹಾಯುತ್ತದೆ. ಆಗ ಮನೆಯವರು “ಈ ಆಡು ಮರಿಯನ್ನು ಒಲ್ಲದು” ಎಂದು ತೀರ್ಮಾನಿಸಿ ಕೈಬಿಡುತ್ತಾರೆ. ಹೀಗೆ ಕೈಬಿಡಕೂಡದು. ಅದು ಒಲ್ಲದ ತಾಯಿಯಲ್ಲ, ಇನ್ನೂ ಕಲಿಯದ ತಾಯಿ. ಕಲಿಯಲು ಅದಕ್ಕೆ ನಮ್ಮ ಸ್ವಲ್ಪ ಸಹಾಯ ಬೇಕು. ಆ ಸಹಾಯ ಹೇಗಿರಬೇಕು ಎಂಬುದೇ ಈ ಪಾಠ.

ಈಯುವ ಮುಂಚೆ

ಆಡಿನ ಗರ್ಭದ ಅವಧಿ ಸುಮಾರು 150 ದಿನ, ಅಂದರೆ ಐದು ತಿಂಗಳು. ಹೋತ ಕೂಡಿದ ದಿನವನ್ನು ಗೋಡೆಯ ಪಂಚಾಂಗದ ಮೇಲೆ ಗುರುತು ಹಾಕಿಕೊಂಡರೆ ಈಯುವ ದಿನ ತಾನಾಗಿಯೇ ತಿಳಿಯುತ್ತದೆ. ಕಡೆಯ ತಿಂಗಳಲ್ಲಿ ಆಡನ್ನು ದೂರ ಮೇಯಿಸಲು ಹೊಡೆಯಬಾರದು. ತೊಗರಿ ಹೊಟ್ಟು, ಕಡಲೆ ಹೊಟ್ಟು, ಹಸಿರು ಸೊಪ್ಪು, ಮೇಲೆ ದಿನಕ್ಕೊಂದು ಹಿಡಿ ಕಾಳು ಕೊಟ್ಟರೆ ಹೊಟ್ಟೆಯಲ್ಲಿಯ ಮರಿಯೂ ತುಂಬಿಕೊಳ್ಳುತ್ತದೆ, ಕೆಚ್ಚಲೂ ತುಂಬುತ್ತದೆ. ಕರುಳು ಬೇನೆಯ ಲಸಿಕೆಯನ್ನು ಈಯುವುದಕ್ಕೆ ಮೂರು ನಾಲ್ಕು ವಾರ ಮುಂಚೆ ಹಾಕಿಸುವುದು ಒಳ್ಳೆಯದು. ಈ ವಿಷಯದಲ್ಲಿ ಪಶು ವೈದ್ಯರನ್ನು ಕೇಳಿ ನಡೆಯಿರಿ. ತಾಯಿಗೆ ಹಾಕಿದ ಲಸಿಕೆಯ ಬಲ ಮೊದಲ ಹಾಲಿನ ಮೂಲಕ ಮರಿಗೂ ಸಿಗುತ್ತದೆ.

ಚೊಚ್ಚಲ ಆಡಿನ ವಿಷಯದಲ್ಲಿ ಇನ್ನೊಂದು ಕೆಲಸವಿದೆ. ಕಡೆಯ ಹದಿನೈದು ದಿನ ಅದರ ಮೈ ಸವರಿ, ಕೆಚ್ಚಲನ್ನು ಮೆಲ್ಲಗೆ ಮುಟ್ಟಿ ರೂಢಿ ಮಾಡಿಸಿರಿ. ಮನುಷ್ಯರ ಕೈಗೆ ಹೊಂದಿಕೊಂಡ ಆಡು ಮರಿಯ ಬಾಯಿಗೂ ಬೇಗ ಹೊಂದಿಕೊಳ್ಳುತ್ತದೆ. ಆದರೆ ಈಯುವ ಮುಂಚೆ ಹಾಲು ಹಿಂಡಬಾರದು.

ಕೊಟ್ಟಿಗೆಯ ಒಂದು ಮೂಲೆಯಲ್ಲಿ ನಾಲ್ಕು ಐದು ಅಡಿ ಉದ್ದಗಲದ ಜಾಗವನ್ನು ಬೇರೆ ಮಾಡಿ, ಗುಡಿಸಿ, ಒಣ ಹುಲ್ಲು ಹಾಸಿರಿ. ಮಾರ್ಗಶಿರ, ಪುಷ್ಯ ಮಾಸಗಳಲ್ಲಿ ನಮ್ಮ ಎತ್ತರದ ಸೀಮೆಯ ರಾತ್ರಿಯ ಚಳಿ ಹೇಗಿರುತ್ತದೆಂಬುದು ನಿಮಗೆ ಗೊತ್ತಿದೆ. ಗಾಳಿ ಬೀಸುವ ಕಡೆ ಗೋಣಿತಾಟು ಕಟ್ಟಿರಿ.

ಈಯುವ ಹೊತ್ತು

ಕೆಚ್ಚಲು ಬಿಗಿಯುವುದು, ಬಾಲದ ಎರಡೂ ಬದಿ ಕುಸಿಯುವುದು, ಆಡು ಹಿಂಡು ಬಿಟ್ಟು ನಿಲ್ಲುವುದು, ಕಾಲಿನಿಂದ ನೆಲ ಕೆರೆಯುವುದು, ಎದ್ದು ಕೂತು ಮಾಡುವುದು, ಇವು ಲಕ್ಷಣಗಳು. ಆಗ ಸುತ್ತ ಜನ ಸೇರಿ ಗದ್ದಲ ಮಾಡಬಾರದು. ನಾಯಿಯನ್ನು ಹತ್ತಿರ ಬಿಡಬಾರದು. ಆಡಿಗೆ ಪರಿಚಯವಿರುವ ಒಬ್ಬರು ದೂರದಿಂದ ನೋಡುತ್ತಿದ್ದರೆ ಸಾಕು.

ಮೊದಲು ಎರಡು ಮುಂಗಾಲು, ಅವುಗಳ ಮೇಲೆ ಮೂತಿ ಕಾಣಿಸಿದರೆ ಮರಿ ಸರಿಯಾಗಿ ಬರುತ್ತಿದೆ ಎಂದು ತಿಳಿಯಿರಿ. ಎಳೆಯಬೇಡಿರಿ. ಅರ್ಧ ಗಂಟೆಯ ಮೇಲೆ ಬಲವಾಗಿ ತಿಣುಕಿಯೂ ಏನೂ ಕಾಣದಿದ್ದರೆ, ಒಂದೇ ಕಾಲು ಅಥವಾ ಬರಿಯ ಬಾಲ ಕಾಣಿಸಿದರೆ, ಕೂಡಲೆ ಪಶು ವೈದ್ಯರನ್ನು ಕರೆಯಿರಿ. 1962 ಎಂಬ ಸಂಖ್ಯೆಗೆ ಫೋನು ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನದ ನೆರವು ಕೇಳಬಹುದು. ಇದಕ್ಕೆ ಕರೆಯ ಖರ್ಚಿಲ್ಲ.

ಮೊದಲ ಅರ್ಧ ಗಂಟೆ

ಮರಿ ಬಿದ್ದ ಕೂಡಲೆ ಅದರ ಮೂಗು ಬಾಯಿಯ ಮೇಲಿನ ಲೋಳೆಯನ್ನು ಮಾತ್ರ ಶುಭ್ರವಾದ ಬಟ್ಟೆಯಿಂದ ಒರೆಸಿರಿ. ಉಸಿರು ಬಾರದಿದ್ದರೆ ಒಣ ಹುಲ್ಲಿನಿಂದ ಎದೆ ಬೆನ್ನು ತಿಕ್ಕಿರಿ. ಮರಿ ಉಸಿರಾಡತೊಡಗಿದ ಮೇಲೆ ಅದನ್ನು ಎತ್ತಿ ತಾಯಿಯ ಮೂತಿಯ ಮುಂದೆ ಇಡಿರಿ.

ಇಲ್ಲಿಯೇ ನಾವು ಪ್ರೀತಿಯಿಂದ ಒಂದು ತಪ್ಪು ಮಾಡುತ್ತೇವೆ. ಮರಿಯನ್ನು ಒಳಗೆ ಒಯ್ದು, ಬಿಸಿನೀರಿನಿಂದ ಮೈ ತೊಳೆದು, ಹೊಸ ಬಟ್ಟೆ ಸುತ್ತಿ, ಮಕ್ಕಳ ಕೈಗೆ ಕೊಟ್ಟು, ಒಂದೆರಡು ಗಂಟೆಯ ಮೇಲೆ ತಾಯಿಯ ಹತ್ತಿರ ತರುತ್ತೇವೆ. ತಾಯಿ ಮೂಸಿ ನೋಡಿ ಹಾಯುತ್ತದೆ. ಅದರ ತಪ್ಪೇನು? ಆಡು ತನ್ನ ಮರಿಯನ್ನು ಮುಖ್ಯವಾಗಿ ವಾಸನೆಯಿಂದ ಗುರುತಿಸುತ್ತದೆ. ಈದ ಮೊದಲ ಒಂದೆರಡು ಗಂಟೆಯಲ್ಲಿ ಮರಿಯ ಮೈ ನೆಕ್ಕುತ್ತ ಆ ವಾಸನೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತದೆ. ಆ ಹೊತ್ತು ಕಳೆದ ಮೇಲೆ, ಆ ವಾಸನೆ ತೊಳೆದುಹೋದ ಮೇಲೆ, ಸ್ವಂತ ಮರಿಯೂ ಅದಕ್ಕೆ ಪರರ ಮರಿಯೇ. ನೆಕ್ಕುವುದರಿಂದ ಮರಿಯ ಮೈ ಒಣಗುತ್ತದೆ, ರಕ್ತ ಚುರುಕಾಗಿ ಹರಿಯುತ್ತದೆ, ಮರಿ ಎದ್ದು ನಿಲ್ಲುತ್ತದೆ.

ಚೊಚ್ಚಲ ಆಡು ತಾನಾಗಿ ನೆಕ್ಕದಿದ್ದರೆ ಮರಿಯ ಮೈಮೇಲಿನ ಲೋಳೆಯನ್ನು ಸ್ವಲ್ಪ ತೆಗೆದು ಆಡಿನ ಮೂಗಿಗೆ, ತುಟಿಗೆ ಸವರಿರಿ. ಮರಿಯ ಬೆನ್ನ ಮೇಲೆ ಒಂದು ಚಿಟಿಕೆ ಗೋಧಿ ಬೂಸಾ ಉದುರಿಸಿರಿ. ಅದನ್ನು ತಿನ್ನಲು ಬಂದ ನಾಲಿಗೆ ಮರಿಯನ್ನು ನೆಕ್ಕಲು ಕಲಿಯುತ್ತದೆ. ಚಳಿ ಬಹಳ ಇದ್ದರೆ ನೀವೂ ಬಟ್ಟೆಯಿಂದ ಒರೆಸಬಹುದು. ಆದರೆ ತಾಯಿಯ ಕಣ್ಣ ಮುಂದೆಯೇ ಒರೆಸಿರಿ. ಬಾಲದ ಬುಡವನ್ನು ತೊಳೆಯಬೇಡಿರಿ, ತಾಯಿ ಹೆಚ್ಚಾಗಿ ಮೂಸುವುದು ಅಲ್ಲಿಯೇ.

ಹೊಕ್ಕುಳ ಬಳ್ಳಿ ಉದ್ದವಾಗಿದ್ದರೆ ಹೊಟ್ಟೆಯಿಂದ ಎರಡು ಮೂರು ಬೆರಳಿನಷ್ಟು ಬಿಟ್ಟು, ಶುಭ್ರವಾದ ದಾರ ಕಟ್ಟಿ, ಕುದಿಸಿದ ಕತ್ತರಿಯಿಂದ ಕತ್ತರಿಸಿ ಟಿಂಕ್ಚರ್ ಅಯೋಡಿನ್‌ನಲ್ಲಿ ಅದ್ದಿರಿ. ಸಗಣಿ, ಬೂದಿ, ಮಣ್ಣು ಹಚ್ಚಬಾರದು. ಧನುರ್ವಾಯು, ಕೀಲು ಬಾವು ಮುಂತಾದವು ಮರಿಯ ಮೈಯನ್ನು ಹೊಗುವ ಬಾಗಿಲು ಹೊಕ್ಕುಳೇ.

ಗಿಣ್ಣದ ಹಾಲು ಮರಿಯ ಹಕ್ಕು

ಮನುಷ್ಯರ ಕೂಸು ರೋಗ ತಡೆಯುವ ಶಕ್ತಿಯ ಒಂದು ಭಾಗವನ್ನು ತಾಯಿಯ ಗರ್ಭದಲ್ಲಿಯೇ ಪಡೆದು ಹುಟ್ಟುತ್ತದೆ. ಆಡಿನ ಮರಿಗೆ ಆ ಭಾಗ್ಯವಿಲ್ಲ. ಅದು ಬರಿಗೈಯಲ್ಲಿ ಹುಟ್ಟುತ್ತದೆ. ಆ ಶಕ್ತಿಯೆಲ್ಲ ಇರುವುದು ಗಿಣ್ಣದ ಹಾಲಿನಲ್ಲಿ. ಮರಿಯ ಕರುಳು ಅದನ್ನು ಹಾಗೆಯೇ ರಕ್ತಕ್ಕೆ ಸೇರಿಸಿಕೊಳ್ಳುವುದು ಸುಮಾರು ಒಂದು ದಿನದ ಮಟ್ಟಿಗೆ ಮಾತ್ರ. ಆ ಒಂದು ದಿನದಲ್ಲಿಯೂ ಗಂಟೆ ಕಳೆದಂತೆ ಬಾಗಿಲು ಮುಚ್ಚುತ್ತ ಬರುತ್ತದೆ. ಆದ್ದರಿಂದ ಮಾಸು ಬೀಳುವ ತನಕ ಹಾಲು ಕುಡಿಸಬಾರದು, ಮೊದಲ ಹಾಲು ಕೆಟ್ಟದ್ದು ಎಂಬ ಮಾತುಗಳನ್ನು ನಂಬಬೇಡಿರಿ. ಹುಟ್ಟಿದ ಒಂದು ಗಂಟೆಯೊಳಗೆ ಮರಿ ಗಿಣ್ಣದ ಹಾಲು ಕುಡಿದಿರಬೇಕು.

ಮರಿಯ ತೂಕದ ಹತ್ತನೆಯ ಒಂದು ಭಾಗದಷ್ಟು ಹಾಲು ಮೊದಲ ದಿನ ಬೇಕು. ಎರಡು ಕಿಲೋ ತೂಗುವ ಮರಿಗೆ 200 ಮಿಲಿಲೀಟರು, ಅದೂ ನಾಲ್ಕೈದು ಸಲವಾಗಿ. ನಮ್ಮ ಕಡೆಯ ಕಪ್ಪು ಉಸ್ಮಾನಾಬಾದಿ ಆಡುಗಳು ಜೋಡಿ ಮರಿ ಹಾಕುವುದು ಸಾಮಾನ್ಯ. ಬಲವಾದ ಮರಿ ಕುಡಿದದ್ದನ್ನು ನೋಡಿ ಸುಮ್ಮನಾಗದೆ, ಸಣ್ಣದಕ್ಕೂ ಮೊಲೆ ಸಿಕ್ಕಿತೇ ಎಂದು ನೋಡಿರಿ.

ಮರಿಯನ್ನು ಮೊಲೆಗೆ ಬಿಡುವ ಮುಂಚೆ ಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಕೆಚ್ಚಲು ಒರೆಸಿ, ಪ್ರತಿ ತೊಟ್ಟಿನಿಂದ ಎರಡು ಹನಿ ಹಿಂಡಿರಿ. ತೊಟ್ಟಿನ ತುದಿಯಲ್ಲಿ ಮೇಣದಂಥ ಬಿರಡೆ ಇರುತ್ತದೆ. ಅದು ತೆಗೆಯದಿದ್ದರೆ ಬಡ ಮರಿ ಎಷ್ಟು ಚೀಪಿದರೂ ಹಾಲು ಬರುವುದಿಲ್ಲ.

ತಾಯಿ ಹತ್ತಿರ ಬಿಡದಿದ್ದರೆ

ಮೊದಲು ಕಾರಣ ಹುಡುಕಿರಿ. ಚೊಚ್ಚಲ ಆಡಿನ ಕೆಚ್ಚಲು ಬಿಗಿದು ನೋಯುತ್ತಿರಬಹುದು. ಬೆಚ್ಚಗಿನ ಬಟ್ಟೆಯಿಂದ ಕಾವು ಕೊಟ್ಟು, ಸ್ವಲ್ಪ ಹಾಲು ಹಿಂಡಿ ಬಿಗುವು ಇಳಿಸಿರಿ. ಆ ಹಾಲನ್ನು ಚೆಲ್ಲದೆ ಮರಿಗೆ ಕುಡಿಸಿರಿ. ಕೆಚ್ಚಲು ಸುಡುತ್ತಿದ್ದರೆ, ಗಂಟುಕಟ್ಟಿದ್ದರೆ, ಹಾಲಿನಲ್ಲಿ ರಕ್ತ ಅಥವಾ ಗರಣೆ ಬಂದರೆ ಅದು ಕೆಚ್ಚಲು ಬಾವು, ವೈದ್ಯರಿಗೆ ತೋರಿಸಿರಿ.

ರೋಗವೇನೂ ಇಲ್ಲದೆ ಬರಿಯ ಬೆದರಿಕೆಯಿದ್ದರೆ ಹೀಗೆ ಮಾಡಿರಿ. ಆಡನ್ನು ಗೋಡೆಗೆ ಒತ್ತಿ ನಿಲ್ಲಿಸಿ, ಮುಂದೆ ತೊಗರಿ ಹೊಟ್ಟು ಇಡಿರಿ. ಒಬ್ಬರು ಕೊರಳು ಹಿಡಿಯಲಿ. ಇನ್ನೊಬ್ಬರು ಒಂದು ಹಿಂಗಾಲನ್ನು ಸ್ವಲ್ಪ ಎತ್ತಿ ಹಿಡಿದು ಮರಿಯ ಬಾಯಿಗೆ ತೊಟ್ಟು ಕೊಡಲಿ. ಹಗಲು ರಾತ್ರಿ ಸೇರಿ ದಿನಕ್ಕೆ ಐದಾರು ಸಲ ಹೀಗೆ ಕುಡಿಸಬೇಕು. ಹೊಡೆಯಬಾರದು, ಕೂಗಬಾರದು. ಮರಿ ಬಂದಾಗಲೆಲ್ಲ ಪೆಟ್ಟು ಬಿದ್ದರೆ ಆಡಿಗೆ ಮರಿಯೇ ವೈರಿಯಾಗುತ್ತದೆ. ಮರಿ ಬಂದಾಗಲೆಲ್ಲ ಮುಂದೆ ಮೇವು ಬಂದರೆ ಎರಡು ಮೂರು ದಿನಕ್ಕೆ ಎಷ್ಟೋ ಆಡುಗಳು ತಾವಾಗಿಯೇ ನಿಲ್ಲುತ್ತವೆ. ಕೆಲವಕ್ಕೆ ವಾರ, ಹತ್ತು ದಿನ ಬೇಕು. ಅಲ್ಲಿಯ ತನಕ ತಾಯಿ ಹಾಯುವುದಾದರೆ ನಡುವೆ ಒಂದು ತಟ್ಟಿ ಕಟ್ಟಿರಿ. ಒಂದನ್ನೊಂದು ನೋಡುವಂತೆ, ಮೂಸುವಂತೆ ಇರಲಿ, ಪೆಟ್ಟು ಮಾತ್ರ ಬೀಳದಿರಲಿ.

ಈದ ಮರುದಿನವೇ ಆಡನ್ನು ಮೇಯಲು ಹೊಡೆದು, ಮರಿಯನ್ನು ಬುಟ್ಟಿಯ ಕೆಳಗೆ ಮುಚ್ಚಿಟ್ಟು ಕೂಲಿಗೆ ಹೋಗುವ ರೂಢಿ ನಮ್ಮಲ್ಲಿದೆ. ಹಗಲೆಲ್ಲ ಮರಿಗೆ ಹಾಲಿಲ್ಲ, ತಾಯಿಗೆ ಮರಿಯ ನೆನಪಿಲ್ಲ. ಕೂಲಿ ಬಿಡುವುದು ಕಷ್ಟವೆಂಬುದು ನಿಜ. ಆದರೂ ಐದಾರು ದಿನ ಈ ಒಂದು ಆಡನ್ನು ಮನೆಯಲ್ಲಿಯೇ ಕಟ್ಟಿರಿ. ಮನೆಯಲ್ಲಿರುವ ಅತ್ತೆಗೋ ನೆರೆಮನೆಯ ಅಕ್ಕನಿಗೋ ನಡುವೆ ಎರಡು ಸಲ ಮರಿ ಬಿಡಲು ಹೇಳಿರಿ.

ತಣ್ಣಗಾದ ಮರಿ

ಮರಿಯ ಬಾಯಿಯೊಳಗೆ ಬೆರಳಿಟ್ಟು ನೋಡಿರಿ. ಬಾಯಿ ಬೆಚ್ಚಗಿದ್ದು ಬೆರಳು ಚೀಪಿದರೆ ಭಯವಿಲ್ಲ. ಬಾಯಿ ತಣ್ಣಗಿದ್ದು, ತಲೆ ಎತ್ತದಿದ್ದರೆ ಅದಕ್ಕೆ ಆಗಲೇ ಹಾಲು ಹೊಯ್ಯಬಾರದು. ನುಂಗಲಾರದ ಮರಿಯ ಹಾಲು ಪುಪ್ಪುಸಕ್ಕೆ ಇಳಿಯುತ್ತದೆ. ಮೊದಲು ಮೈ ಒರೆಸಿ, ಗೋಣಿಯಲ್ಲಿ ಸುತ್ತಿ, ಬಿಸಿನೀರಿನ ಶೀಶೆಗೆ ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟು ಬೆಚ್ಚಗೆ ಮಾಡಿರಿ. ಚೀಪತೊಡಗಿದ ಮೇಲೆ ತಾಯಿಯ ಹಾಲನ್ನೇ ಹಿಂಡಿ ಶೀಶೆಯಿಂದ ಕುಡಿಸಿರಿ. ಮರಿಯನ್ನು ಅಂಗಾತ ಮಲಗಿಸದೆ ನಿಲ್ಲಿಸಿಯೇ ಕುಡಿಸಬೇಕು. ತಾಯಿಯ ಹಾಲು ಸಾಲದಿದ್ದರೆ ಅದೇ ದಿನ ಈದ ಇನ್ನೊಂದು ಆಡಿನ ಗಿಣ್ಣದ ಹಾಲು ಆಗಬಹುದು, ಅದೂ ಇಲ್ಲದಿದ್ದರೆ ಆಕಳಿನದು.

ತಾಯಿಯ ಆರೈಕೆ

ಈದ ಆಡಿಗೆ ಬೆಚ್ಚಗಿನ ನೀರಿಗೆ ಸ್ವಲ್ಪ ಬೆಲ್ಲ ಹಾಕಿ ಕುಡಿಸಿರಿ. ಮಾಸು ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ ಬೀಳುತ್ತದೆ. 12 ಗಂಟೆ ಕಳೆದರೂ ಬೀಳದಿದ್ದರೆ ಎಳೆಯದೆ ವೈದ್ಯರನ್ನು ಕರೆಯಿರಿ. ಬಿದ್ದ ಮಾಸನ್ನು ನಾಯಿ ಮುಟ್ಟದಂತೆ ಸುಣ್ಣ ಹಾಕಿ ಆಳವಾಗಿ ಹೂಳಿರಿ. ಈ ಕೆಲಸ ಮಾಡಿದವರು ಸಾಬೂನಿನಿಂದ ಕೈ ತೊಳೆಯಬೇಕು. ಬಸುರಿ ಹೆಂಗಸರು ಆಡು ಈಯಿಸುವ ಕೆಲಸಕ್ಕೆ ಹೋಗದಿರುವುದು ಒಳ್ಳೆಯದು. ಆಡಿನಿಂದ ಮನುಷ್ಯರಿಗೆ ಹತ್ತುವ ಕೆಲವು ರೋಗಗಳು ಅದರಿಂದ ಬರಬಹುದು.

ಮೊದಲ ಸಲ ಕೈಹಿಡಿದು ಕಲಿಸಿದ ಆಡು ಮುಂದಿನ ಸಲ ಹೆಚ್ಚಾಗಿ ತಾನೇ ಸಂಭಾಳಿಸುತ್ತದೆ. ಹತ್ತು ದಿನದ ಈ ಶ್ರಮ ಅದರ ಮುಂದಿನ ಎಲ್ಲ ಮರಿಗಳಿಗೂ ಆಗುತ್ತದೆ ಎಂಬುದನ್ನು ಮರೆಯಬೇಡಿರಿ.

ಸಂಘದ ಸಭೆಯಲ್ಲಿ ಚರ್ಚಿಸಲು

1. ಹುಟ್ಟಿದ ಮರಿಯ ಮೈಯನ್ನು ಏಕೆ ತೊಳೆಯಬಾರದು?
2. ಗಿಣ್ಣದ ಹಾಲು ಎಷ್ಟು ಹೊತ್ತಿನೊಳಗೆ ಕುಡಿಸಬೇಕು? ಎರಡೂವರೆ ಕಿಲೋ ಮರಿಗೆ ಮೊದಲ ದಿನ ಎಷ್ಟು ಬೇಕು?
3. ತಣ್ಣಗಾದ ಮರಿಗೆ ಮೊದಲು ಏನು ಮಾಡಬೇಕು?
4. ನಮ್ಮ ಓಣಿಯಲ್ಲಿ ಈ ತಿಂಗಳು ಯಾರ ಮನೆಯ ಚೊಚ್ಚಲ ಆಡು ಈಯುವುದಿದೆ? ಅವರು ಕೂಲಿಗೆ ಹೋದಾಗ ಮರಿ ಬಿಡುವವರು ಯಾರು?