ಪಟ್ಟೆ ಅಳಿಸಿದ್ದರೆ ಹೊಣೆ ಯಾರದು?

ರಾಯಚೂರಿನಲ್ಲಿ ಜೀಬ್ರಾ ಪಟ್ಟೆ ದಾಟುತ್ತಿದ್ದ ನಿಮ್ಮ ತಂದೆಯವರಿಗೆ ಬೈಕ್ ಬಡಿದಿದೆ. ಪಟ್ಟೆ ಅಳಿಸಿತ್ತು, ಬೀದಿದೀಪವೂ ಉರಿಯುತ್ತಿರಲಿಲ್ಲ, ನಗರಾಡಳಿತದ ಮೇಲೆ ದಾವೆ ಹೂಡಬಹುದೇ ಎಂದು ಗಬ್ಬೂರಿನಿಂದ ಕೇಳಿದ್ದೀರಿ. ಹೂಡಬಹುದು, ಆದರೆ ಅದು ಎರಡನೆಯ ಹೆಜ್ಜೆ. ಮೊದಲ ಹೊಣೆ ಸವಾರನದು, ವಿಮೆಯಿದ್ದರೆ ಹಣ ಕಟ್ಟುವುದು ವಿಮಾ ಕಂಪನಿ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಆರು ತಿಂಗಳೊಳಗೆ ಅರ್ಜಿ ಹಾಕಿಬಿಡಿ.

ಆಡಳಿತದ ಹೊಣೆ ಕಾನೂನಿಗೆ ಹೊಸದಲ್ಲ. ದೆಹಲಿಯ ಗಡಿಯಾರ ಗೋಪುರ ಕುಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1966ರಲ್ಲೇ ಪಾಲಿಕೆಯನ್ನು ಹೊಣೆ ಮಾಡಿತು. 2019ರಲ್ಲಿ ನಮ್ಮ ಹೈಕೋರ್ಟ್ ರಸ್ತೆಗುಂಡಿಯಿಂದ ಗಾಯಗೊಂಡವರಿಗೆ ಬಿಬಿಎಂಪಿ ಪರಿಹಾರ ಕೊಡಬೇಕೆಂದಿತು. ‘ಗುದ್ದಿದ್ದು ಸವಾರ, ಪಟ್ಟೆಯಲ್ಲ’ ಎಂದು ಎದುರು ವಕೀಲರು ವಾದಿಸುತ್ತಾರೆ. ಅದಕ್ಕೆ ತೂಕವಿದೆ: ಗುಂಡಿ ತಾನೇ ಬೀಳಿಸುತ್ತದೆ, ಅಳಿಸಿದ ಪಟ್ಟೆ ಬೀಳಿಸುವುದಿಲ್ಲ. ಆದರೆ ಒಂದೇ ಗಾಯಕ್ಕೆ ಇಬ್ಬರ ನಿರ್ಲಕ್ಷ್ಯ ಕಾರಣವಾಗಬಹುದು. ಪಟ್ಟೆ ಕಾಣದ್ದೂ ಕತ್ತಲೂ ಅಪಘಾತಕ್ಕೆ ಕೈಜೋಡಿಸಿದವೆಂದು ನೀವೇ ಸಾಬೀತು ಮಾಡಬೇಕು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 198ಎ ಕಲಂ, ರಸ್ತೆ ಮಾನದಂಡ ಪಾಲಿಸದ್ದರಿಂದ ಸಾವು ಇಲ್ಲವೇ ಅಂಗವೈಕಲ್ಯವಾದರೆ ಒಂದು ಲಕ್ಷದವರೆಗೆ ದಂಡ ಹಾಕುತ್ತದೆ. ಆದರೆ ಆ ಹಣ ನಿಮ್ಮ ಕೈಗೆ ಬರುವುದಿಲ್ಲ. ಹಾಗಾಗಿ ಸಿವಿಲ್ ದಾವೆಯೇ ದಾರಿ. ರಸ್ತೆ ನಗರಾಡಳಿತದ್ದೋ ಲೋಕೋಪಯೋಗಿ ಇಲಾಖೆಯದ್ದೋ, ಮಾಹಿತಿ ಹಕ್ಕಿನಲ್ಲಿ ಕೇಳಿ. ಹೊಸ ಬಣ್ಣ ಬಳಿಯುವ ಮೊದಲೇ ಪಟ್ಟೆಯ ಫೋಟೊ ತೆಗೆದಿಟ್ಟುಕೊಳ್ಳಿ. ದೀಪವಿಲ್ಲದ್ದು ಪೊಲೀಸ್ ಪಂಚನಾಮೆಯಲ್ಲಿ ದಾಖಲಾಗಿದೆಯೇ ನೋಡಿ.